ಮಧ್ಯಾಹ್ನದ ಮರಿ

“ಬೇಡ. ಈ ಮನೇಲಿ ಇನ್ನು ನಾಯಿ ಬೇಡ.”

ಬಾಗಿಲನ್ನು ಅರ್ಧ ಮಾತ್ರ ತೆರೆದು, ಉಳಿದರ್ಧಕ್ಕೆ ತನ್ನ ಮೈಯನ್ನೇ ಅಡ್ಡ ಕೊಟ್ಟು ನಿಂತಿದ್ದ ಆ ಮನೆಯ ಯಜಮಾನ. ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಇವತ್ತು ಅಂಗಡಿಗೆ ವಾರದ ರಜೆ; ಮನೆಯಲ್ಲೇ ಕೂತು ಯಾರದೋ ಕನ್ನಡಕದ ಗಾಜು ಉಜ್ಜುತ್ತಿದ್ದನೇನೋ, ಬಿಳಿ ಪುಡಿ ಉಗುರುಸಂದಿಯಲ್ಲಿ ಕೂತಿತ್ತು.

ಇನ್ಸ್‌ಪೆಕ್ಟರಮ್ಮ ಮರಿಯಿದ್ದ ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಂಡರು.

“ಇನ್ನು ಬೇಡ ಅಂದ್ರೆ? ಮುಂಚೆ ಇತ್ತಾ?”

“ಏನೋ ಮಾತಿಗೆ ಅಂದೆ.”

“ಅರ್ಜಿ ನಿಮ್ಮ ಹೆಸರಲ್ಲೇ ಇದೆಯಲ್ಲ ಸ್ವಾಮಿ. ಮರಿ ಬೇಕು ಅಂತ.”

“ನಾನು ಯಾವ ಅರ್ಜಿನೂ ಹಾಕಿಲ್ಲ. ಯಾರೋ ತಮಾಷೆಗೆ ಹಾಕಿರ್ತಾರೆ. ನೀವು ಹೊರಡಿ.”

ಅವನು ಬಾಗಿಲು ಮುಚ್ಚಲಿದ್ದ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು. ಮುಪ್ಪಿನ ದನಿ, ಆದರೆ ಎಲ್ಲೂ ನಡುಕವಿಲ್ಲ.

“ಹಾಕಿದ್ದು ನಾನು. ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸ್ಬೇಡ. ಒಳಗೆ ಕರಿ.”

ಕನ್ನಡಕದವನು ಪಕ್ಕಕ್ಕೆ ಸರಿದ. ಬಾಗಿಲು ಇನ್ನರ್ಧ ತೆರೆಯಿತು.

ನಾಲೆಯ ದಡದಲ್ಲಿ ಬಾಯಿ ಕಟ್ಟಿದ ಗೋಣಿಚೀಲ ಸಿಕ್ಕು ಇವತ್ತಿಗೆ ಒಂಬತ್ತು ದಿನ. ಚೀಲದಲ್ಲಿದ್ದ ಮೂರು ಮರಿಗಳಲ್ಲಿ ಎರಡು ಸತ್ತು ಸೆಟೆದಿದ್ದವು. ಮೂರನೆಯದು ಈಗ ಬುಟ್ಟಿಯಲ್ಲಿ, ಹಳೇ ಟವೆಲಿನೊಳಗೆ ಮುದುಡಿ ಕೂತಿತ್ತು. ಅಂಗೈಯಲ್ಲಿ ಹಿಡಿಸುವಷ್ಟೇ ಇದ್ದ ಅದಕ್ಕೆ ಪ್ರಾಣಿಗಳ ಆಶ್ರಯಧಾಮದವರು ಇಟ್ಟ ಹೆಸರು ಚೂರು. ಕುತ್ತಿಗೆಯ ಸುತ್ತ ಹಗ್ಗ ಕೊರೆದ ಗಾಯಕ್ಕೆ ಬಿಳಿ ಪಟ್ಟಿ ಕಟ್ಟಿತ್ತು.

ಸತ್ತ ಮರಿಗಳನ್ನು ಸೀಳಿ ನೋಡಿದ ಪಶುವೈದ್ಯೆ ಹೇಳಿದ ಮಾತು ಇನ್ಸ್‌ಪೆಕ್ಟರಮ್ಮನ ಕಿವಿಯಲ್ಲಿ ಇನ್ನೂ ಕೂತಿತ್ತು. “ನೀರು ಕುಡಿದು ಸತ್ತಿದ್ದಲ್ಲ ಮೇಡಂ. ಚೀಲಕ್ಕೆ ಹೋಗೋ ಮುಂಚೇನೇ ಸತ್ತಿವೆ. ಇಲಿ ಪಾಷಾಣ. ಅದೂ ಒಂದೇ ಸಲ ಹಾಕಿದ್ದಲ್ಲ, ದಿನಾ ಚೂರು ಚೂರು. ರಕ್ತ ಹೆಪ್ಪುಗಟ್ಟೋದೇ ನಿಂತುಹೋಗತ್ತೆ. ಹೊಟ್ಟೆ ಚರ್ಮ ನೋಡಿ, ಎಲ್ಲಾ ಕಡೆ ನೀಲಿ.”

ಮೂರನೆಯದರ ಮೈಯಲ್ಲಿ ಆ ವಿಷದ ಸುಳಿವೇ ಇರಲಿಲ್ಲ.

ಒಂದೇ ಮನೆಯಲ್ಲಿ, ಒಟ್ಟಿಗೆ ಬೆಳೆದ ಮೂರು ಮರಿಗಳು. ಎರಡಕ್ಕೆ ವಿಷ, ಒಂದಕ್ಕಿಲ್ಲ. ಮೂವತ್ತೈದು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತರಾದ ಇನ್ಸ್‌ಪೆಕ್ಟರಮ್ಮನಿಗೆ ಒಂಬತ್ತು ದಿನದಿಂದ ನಿದ್ದೆ ಕೆಡಿಸಿದ್ದು ಆ ಎರಡಲ್ಲ, ಈ ಒಂದು.

ಆಶ್ರಯಧಾಮದಲ್ಲಿ ಅವರ ಕೆಲಸ ಇಷ್ಟೇ. ಯಾರಾದರೂ ಮರಿ ಬೇಕೆಂದರೆ ಅವರ ಮನೆಗೆ ಹೋಗಿ, ಜಾಗ ನೋಡಿ, ಜನ ನೋಡಿ, ಕೊಡಬಹುದೋ ಬಾರದೋ ಅಂತ ಬರೆದುಕೊಡುವುದು. ಚೂರುವಿನ ಫೋಟೋ ಹಾಕಿ ‘ಮನೆ ಬೇಕಾಗಿದೆ’ ಎಂದು ಪ್ರಕಟಿಸಿದ ಮೂರೇ ದಿನಕ್ಕೆ ಹದಿನೇಳು ಅರ್ಜಿ ಬಂದಿದ್ದವು. ಒಬ್ಬಾಕೆ ತಮ್ಮ ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಕೇಳಿದ್ದರು. ಇನ್ನೊಬ್ಬ ಮಹಾಶಯ, ದೊಡ್ಡದಾದ ಮೇಲೆ ವಾಪಸ್ ತಗೋತೀರಾ ಎಂದು ವಿಚಾರಿಸಿದ್ದ. ಮಿಕ್ಕವರಲ್ಲಿ ಒಳ್ಳೆಯವರೂ ಇದ್ದರು. ಹಾಲಿನ ಬೂತಿನ ಗಂಡ-ಹೆಂಡತಿ ಈಗಾಗಲೇ ಎರಡು ಸಲ ಬಂದು ಮರಿಯನ್ನು ಎತ್ತಿ ಆಡಿಸಿ ಹೋಗಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಕರೆದುಕೊಂಡು ಹೋಗುವುದು ಎಂದು ಮಾತೂ ಆಗಿತ್ತು.

ಆದರೆ ಹದಿನಾರನೆಯ ಅರ್ಜಿಯಲ್ಲಿ ಒಂದು ಸಾಲು ಹೀಗಿತ್ತು: ‘ಹೊಟ್ಟೆಯ ಮೇಲೆ ಬಿಳಿ ಮಚ್ಚೆ ಇರುವ ಆ ಹೆಣ್ಣು ಮರಿಯನ್ನು ನಮಗೇ ಕೊಡಬೇಕಾಗಿ ವಿನಂತಿ.’

ಫೋಟೋದಲ್ಲಿ ಚೂರುವಿನ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕುತ್ತಿಗೆಯಿಂದ ಕೆಳಗೆ ಪೂರಾ ಟವೆಲು. ಹೆಣ್ಣೋ ಗಂಡೋ ಎಂದು ಯಾರೂ ಎಲ್ಲೂ ಬರೆದಿರಲಿಲ್ಲ.

ಇನ್ನೂ ಒಂದು ಸಂಗತಿ. ಅರ್ಜಿಯಲ್ಲಿ ಅಂಕಿ ಬರೆದ ಕಡೆಯಲ್ಲೆಲ್ಲ ಅದರ ಕೆಳಗೊಂದು ಪುಟ್ಟ ಗೆರೆ ಎಳೆದಿತ್ತು. ಇಂಥದೇ ಗೆರೆಗಳನ್ನು ಇನ್ಸ್‌ಪೆಕ್ಟರಮ್ಮ ಮುಂಚೆ ಒಂದು ಕಡೆ ನೋಡಿದ್ದರು. ಮೂರು ವಾರದ ಹಿಂದೆ ಯಾರೋ ಆಟೋದವನು ಹಿಡಿದು ತಂದಿದ್ದ ಕಾಗದದಲ್ಲಿ. ‘ಮೂರೂ ಒಡಹುಟ್ಟಿದವು, ದಯವಿಟ್ಟು ಅಗಲಿಸಬೇಡಿ, ಮೂರನ್ನೂ ಕೊಡಿ’ ಎಂದಿದ್ದ ಆ ಕಾಗದ ಓದಿ ಆಶ್ರಯಧಾಮ ನಡೆಸುವ ಟೀಚರ್ ಕಣ್ಣೊರೆಸಿಕೊಂಡು, ವಿಳಾಸ ಕೂಡ ಪರೀಕ್ಷಿಸದೆ ಮೂರೂ ಮರಿಗಳನ್ನು ಕಳಿಸಿಕೊಟ್ಟಿದ್ದರು. ಅದೇ ಮೂರು ಮರಿಗಳು ಚೀಲದಲ್ಲಿ ಸಿಕ್ಕ ಮೇಲೆ ಹುಡುಕಿದರೆ ಆ ವಿಳಾಸದಲ್ಲಿ ಮನೆಯೇ ಇರಲಿಲ್ಲ.

ಈ ಸಲದ ವಿಳಾಸದಲ್ಲಿ ಮನೆ ಇತ್ತು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಬುಟ್ಟಿ ನಡುಗಲು ಶುರುವಾಗಿತ್ತು. ಬಾಗಿಲು ತಟ್ಟುವ ಹೊತ್ತಿಗೆ ಟವೆಲು ಒದ್ದೆಯಾಗಿತ್ತು.

ಒಳಗೆ ಕಾಲಿಟ್ಟ ಇನ್ಸ್‌ಪೆಕ್ಟರಮ್ಮ ಚೀಲದಿಂದ ಫಾರಂ ತೆಗೆದು, ಪೆನ್ನಿನ ಟೋಪಿ ಬಿಚ್ಚಿದರು. ಕೈಯಲ್ಲಿ ಫಾರಂ ಇದ್ದರೆ ಜನ ಉತ್ತರ ಕೊಡುತ್ತಾರೆ. ಇದು ಕೆಲಸದಲ್ಲಿ ಕಲಿತದ್ದು.

“ಮರಿ ಎಲ್ಲಿ ಮಲಗತ್ತೆ?”

“ಕೊಡೋದೇ ಬೇಡ ಅಂತ ಹೇಳ್ತಿದ್ದೀನಲ್ಲ,” ಅಂದ ಕನ್ನಡಕದವನು.

“ಬೇಡ ಅನ್ನೋದಕ್ಕೂ ಇದರಲ್ಲಿ ಒಂದು ಜಾಗ ಇದೆ, ಬರ್ಕೋತೀನಿ. ಮನೇಲಿ ಎಷ್ಟು ಜನ?”

“ಮೂರು. ನಾನು, ನನ್ನ ಹೆಂಡತಿ, ಅಮ್ಮ. ಅಮ್ಮ ಎದ್ದು ಓಡಾಡಲ್ಲ. ಎಂಟು ವರ್ಷ ಆಯ್ತು, ಗಾಲಿಕುರ್ಚಿ.”

“ಮನೇಲಿ ಊಟ ಬಡಿಸೋದು ಯಾರು? ಅವರೇ ತಾನೇ ನಾಯಿಗೂ ಹಾಕೋರು, ಅದಕ್ಕೆ ಕೇಳ್ದೆ.”

“ಅಡುಗೆ ಎಲ್ಲಾ ನನ್ನ ಹೆಂಡತೀದು. ಬೆಳಿಗ್ಗೆ, ರಾತ್ರಿ ಅಮ್ಮನಿಗೆ ನಾನೇ ತಗೊಂಡು ಹೋಗ್ತೀನಿ. ಮಧ್ಯಾಹ್ನ ನಾನು ಅಂಗಡೀಲಿ ಇರ್ತೀನಲ್ಲ, ಅವಳು ಕೊಡ್ತಾಳೆ.”

ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿತ್ತು, ಅದು ನಿಂತಿತು. ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಲವತ್ತರ ಹೆಂಗಸು. ಕೆಳಗಿನ ಹೊಲಿಗೆ ಅಂಗಡಿ ಅವಳದೇ. ಭುಜದ ಮೇಲೆ, ತಲೆಗೂದಲಲ್ಲಿ ಬಣ್ಣಬಣ್ಣದ ನೂಲಿನ ಚೂರುಗಳು ಅಂಟಿಕೊಂಡಿದ್ದವು. ಅವಳ ಕಣ್ಣು ಬುಟ್ಟಿಯ ಮೇಲೆ ಬಿತ್ತು.

ಮರಿ ನೋಡಿದವರೆಲ್ಲ ಮೊದಲು ನೋಡುವುದು ಮುಖವನ್ನು. ಸೊಸೆ ನೋಡಿದ್ದು ಕುತ್ತಿಗೆಯ ಪಟ್ಟಿಯನ್ನು. ಒಂದು ಗಳಿಗೆ ಅಷ್ಟೇ. ಆಮೇಲೆ ತಲೆ ತಗ್ಗಿಸಿದಳು.

“ಚಹಾ ತರ್ಲಾ?”

“ಬೇಡಮ್ಮ. ನಿಮ್ಮ ಅತ್ತೆಯವರನ್ನ ನೋಡಿ ಹೋಗ್ತೀನಿ. ಒಬ್ಬಳೇ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅದರಲ್ಲಿ ಹೆದರಿಕೆ ಯಾರದು, ಪ್ರಶ್ನೆ ಯಾರದು ಎಂದು ಇನ್ಸ್‌ಪೆಕ್ಟರಮ್ಮನಿಗೆ ಬಿಡಿಸಲಾಗಲಿಲ್ಲ.

ಒಳಕೋಣೆ ಆಸ್ಪತ್ರೆಯ ಹಾಗೆ ಚೊಕ್ಕಟವಾಗಿತ್ತು. ಕಿಟಕಿಯ ಪಕ್ಕ ಗಾಲಿಕುರ್ಚಿ, ಅದರಲ್ಲಿ ಒಣಗಿ ಕಡ್ಡಿಯಾದ ಹೆಂಗಸು. ಕಿಟಕಿಯಿಂದ ಕೆಳಗೆ ನೋಡಿದರೆ ಆಟೋ ಸ್ಟ್ಯಾಂಡು. ಮೂವತ್ತು ವರ್ಷ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವರಂತೆ. ಬೀದಿಯವರಿಗೆಲ್ಲ ಇವರು ಲ್ಯಾಬಮ್ಮ. ಕೆಳಗೆ ವಿಳಾಸ ಕೇಳಿದಾಗಲೇ ಯಾರೋ ಹೇಳಿದ್ದರು.

“ಬಾಗಿಲು ಹಾಕಿ,” ಅಂದರು ಲ್ಯಾಬಮ್ಮ. “ಚಿಲಕನೂ.”

ಹಾಕಿದರು.

ಮೇಜಿನ ಮೇಲೆ ಒಂದು ನೋಟುಬುಕ್ಕು, ಇನ್ನೂ ಒಡೆಯದ ಬಿಸ್ಕತ್ತಿನ ಪೊಟ್ಟಣಗಳ ಒಂದು ಸಾಲು. ಮಂಚದ ಕೆಳಗೆ ಒಂದರೊಳಗೊಂದು ಕೂಡಿಸಿಟ್ಟ ಮೂರು ಸ್ಟೀಲ್ ಬಟ್ಟಲು. ಇನ್ಸ್‌ಪೆಕ್ಟರಮ್ಮ ಬಗ್ಗಿ ಎತ್ತಿಕೊಂಡರು. ಪ್ರತಿ ಬಟ್ಟಲಿಗೂ ಅಂಟುಪಟ್ಟಿ, ಪ್ರತಿ ಪಟ್ಟಿಯ ಮೇಲೂ ಒಂದು ಅಂಕಿ. ಒಂದು, ಎರಡು, ಮೂರು. ಅಂಕಿಯ ಕೆಳಗೆ ಪುಟ್ಟ ಗೆರೆ.

“ಆ ಕಾಗದ ಬರೆದಿದ್ದು ನೀವೇ.”

“ನಾನೇ. ಕೆಳಗಿನ ಆಟೋದವನ ಕೈಲಿ ಕಳಿಸ್ದೆ. ವಿಳಾಸ ಸುಳ್ಳು ಬರೆದೆ. ನೀವು ಮನೆ ನೋಡೋಕೆ ಬಂದ್ರೆ ಇವರು ಬೇಡ ಅಂದುಬಿಡ್ತಿದ್ರು. ಮರಿ ಬಂದ ಮೇಲೆ, ಒಬ್ಬಳೇ ಬೇಜಾರು ಅಂತ ತರಿಸ್ಕೊಂಡೆ ಅಂದೆ.” ಲ್ಯಾಬಮ್ಮ ಬುಟ್ಟಿಯ ಕಡೆ ಕತ್ತು ಚಾಚಿದರು. “ಎಲ್ಲಿ, ಹೊಟ್ಟೆ ತೋರ್ಸಿ. ಬಿಳಿ ಮಚ್ಚೆ... ಹೌದು. ಇವಳೇ. ಮಧ್ಯಾಹ್ನದ್ದು.”

“ಏನಂದ್ರಿ?”

“ಮಧ್ಯಾಹ್ನದ ಮರಿ ಅಂದೆ.”

ಇನ್ಸ್‌ಪೆಕ್ಟರಮ್ಮ ಬಟ್ಟಲುಗಳನ್ನು ಮೇಜಿನ ಮೇಲಿಟ್ಟರು. ಅರ್ಥ ಆಗಿತ್ತು. ಆದರೂ ಆ ಬಾಯಿಂದಲೇ ಕೇಳಬೇಕಿತ್ತು.

“ಬಿಡಿಸಿ ಹೇಳಿ.”

ಲ್ಯಾಬಮ್ಮ ಎರಡೂ ತೋಳಿನ ಬಟ್ಟೆ ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ, ನೇರಳೆ, ಹಳದಿ ಕಲೆಗಳು.

“ಹೊಡೀತಾರಾ?” ಅನ್ನುವ ಪ್ರಶ್ನೆ ನಾಲಗೆಯವರೆಗೆ ಬಂದು ಅಲ್ಲೇ ನಿಂತಿತು. ಇಂಥದೇ ಕಲೆಗಳನ್ನು ಅವರು ಒಂಬತ್ತು ದಿನದ ಹಿಂದೆ ಎರಡು ಮರಿಗಳ ಹೊಟ್ಟೆಯ ಮೇಲೆ ನೋಡಿದ್ದರು.

“ಎರಡು ತಿಂಗಳಿಂದ ಹಲ್ಲುಜ್ಜಿದ್ರೆ ರಕ್ತ. ಕೈ ಕುರ್ಚಿಗೆ ತಾಗಿದ್ರೆ ನೀಲಿ. ರಕ್ತದ ಜೊತೆ ಮೂವತ್ತು ವರ್ಷ ಕಳೆದೋಳು ನಾನು. ನನಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಊಟದಲ್ಲಿ ಏನೋ ಬೀಳ್ತಿದೆ.”

“ಆಸ್ಪತ್ರೆಗೆ ಹೋಗ್ಬಹುದಿತ್ತು.”

“ಕುರ್ಚಿ ತಳ್ಳೋರು ಯಾರು? ಮಗ. ರಕ್ತ ತಗೊಂಡು ಹೋಗಿ ಕೊಡೋನು? ಮಗ. ವರದಿ ತರೋನು? ಅವನೇ. ಪೊಲೀಸರಿಗೆ ಫೋನ್ ಮಾಡ್ದೆ, ಎರಡು ಸಲ. ಎರಡನೇ ಸಲ ಫೋನ್ ಎತ್ತಿದೋನು ಇನ್ನೊಬ್ಬನಿಗೆ ಹೇಳಿದ್ದು ನನಗೇ ಕೇಳಿಸ್ತು. ‘ಅದೇ ಅಜ್ಜಿ ಕಣೋ, ಅರಳು ಮರಳು.’”

ಇನ್ಸ್‌ಪೆಕ್ಟರಮ್ಮನಿಗೆ ಒಂದು ಹಳೆಯ ಮುಖ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಒಬ್ಬ ಮುದುಕರು ಸ್ಟೇಷನ್ನಿಗೇ ನಡೆದು ಬಂದಿದ್ದರು. ಊಟ ಕಹಿಯಾಗಿರತ್ತಮ್ಮ, ಒಂದು ಸಲ ಬಂದು ನೋಡಿ ಅಂದಿದ್ದರು. ಕೂರಿಸಿ, ನೀರು ಕೊಟ್ಟು, ಸಮಾಧಾನ ಹೇಳಿ ಮನೆಗೆ ಕಳಿಸಿ, ಪುಸ್ತಕದಲ್ಲಿ ‘ವಯಸ್ಸಿನ ಭ್ರಮೆ’ ಎಂದು ಬರೆದವರು ಇವರೇ. ಎರಡು ತಿಂಗಳಿಗೆ ಮುದುಕರು ಹೋದರು. ಯಾರೂ ಸೀಳಿ ನೋಡಲಿಲ್ಲ.

“ಅದಕ್ಕೆ ಮರಿ ತರಿಸಿದ್ರಿ.”

“ಮೂರು ಹೊತ್ತು, ಮೂರು ಮರಿ. ಬೆಳಗಿನ ತಟ್ಟೆಯಿಂದ ಒಂದಕ್ಕೆ, ಮಧ್ಯಾಹ್ನದ್ದರಿಂದ ಇನ್ನೊಂದಕ್ಕೆ, ರಾತ್ರೀದರಿಂದ ಮತ್ತೊಂದಕ್ಕೆ. ಅದಲು ಬದಲು ಆಗೋ ಹಾಗಿಲ್ಲ. ಒಂದೇ ತಾಯಿ ಮಕ್ಕಳು, ಒಂದೇ ವಯಸ್ಸು ಇರ್ಬೇಕು, ಇಲ್ದಿದ್ರೆ ಹೋಲಿಸೋಕೆ ಆಗಲ್ಲ.”

‘ಒಡಹುಟ್ಟಿದವು, ಅಗಲಿಸಬೇಡಿ.’ ಟೀಚರ್ ಕಣ್ಣೀರು ಹಾಕಿದ್ದು ಇದಕ್ಕೆ.

“ನಿಮಗೆ ಏನೂ ಅನ್ನಿಸ್ಲಿಲ್ವಾ?” ದನಿ ಏರದಂತೆ ಹಿಡಿದುಕೊಳ್ಳಲು ಇನ್ಸ್‌ಪೆಕ್ಟರಮ್ಮ ಹಲ್ಲು ಕಚ್ಚಬೇಕಾಯಿತು. “ಬಾಲ ಅಲ್ಲಾಡಿಸ್ಕೊಂಡು ನಿಮ್ಮ ಕಾಲಡಿ ಬಂದು ಕೂತಿರ್ತಾವೆ. ಅವಕ್ಕೆ ಗೊತ್ತಾ ನೀವೇನು ಹಾಕ್ತಿದ್ದೀರಿ ಅಂತ?”

“ಅನ್ನಿಸ್ತು.” ಲ್ಯಾಬಮ್ಮ ಮೊದಲ ಬಾರಿಗೆ ಕಣ್ಣು ಬೇರೆ ಕಡೆ ತಿರುಗಿಸಿದರು. “ರಾತ್ರೀದು ನನ್ನ ಹೊದಿಕೆಯೊಳಗೇ ಮಲಗ್ತಿತ್ತು. ಸತ್ತಿದ್ದೂ ಅಲ್ಲೇ. ಬೆಳಿಗ್ಗೆ ಎದ್ದು ನೋಡಿದ್ರೆ ತಣ್ಣಗಿತ್ತು. ಅನ್ನಿಸ್ದೆ ಇರತ್ತಾ? ಆದ್ರೆ ಸಾಯೋದು ಅದೋ ನಾನೋ ಅಂತ ಬಂದಾಗ, ನನ್ನ ಜೀವ ನನಗೆ ದೊಡ್ಡದಾಯ್ತು. ನೀವು ಬೈಯಿರಿ. ಬೈಸ್ಕೋತೀನಿ.”

ಕೆಳಗೆ ಯಾರೋ ಆಟೋ ಸ್ಟಾರ್ಟ್ ಮಾಡಿ ಹೋದರು.

“ಮುಂದೆ?”

ಲ್ಯಾಬಮ್ಮ ನೋಟುಬುಕ್ಕನ್ನು ಮುಂದೆ ನೂಕಿದರು. ಹನ್ನೆರಡು ದಿನದ ವಿವರ, ಹೊತ್ತು ಹೊತ್ತಿಗೂ. ಹನ್ನೊಂದನೆಯ ದಿನದ ಎದುರು: ‘ಬೆಳಗಿನದು ಎದ್ದು ನಿಲ್ಲುತ್ತಿಲ್ಲ. ಒಸಡಿನಲ್ಲಿ ರಕ್ತ. ಸಂಜೆ ತೀರಿಕೊಂಡಿತು.’ ಹನ್ನೆರಡನೆಯ ದಿನ: ‘ರಾತ್ರಿಯದು ತೀರಿಕೊಂಡಿದೆ. ಮಧ್ಯಾಹ್ನದ್ದು ಆಡುತ್ತಿದೆ, ಚಪ್ಪಲಿ ಕಚ್ಚುತ್ತಿದೆ.’ ಆಮೇಲೆ ಖಾಲಿ ಹಾಳೆ.

“ಅವತ್ತು ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದ್ದೆ. ಎದ್ದು ನೋಡಿದ್ರೆ ಮಂಚದ ಕೆಳಗೆ ಮೂರೂ ಇಲ್ಲ. ಸತ್ತವೂ ಇಲ್ಲ, ಬದುಕಿದ್ದೂ ಇಲ್ಲ. ಕೇಳಿದ್ರೆ ಇಬ್ಬರೂ ಒಂದೇ ಮಾತು. ‘ಯಾವ ಮರಿ ಅಮ್ಮ? ಓಡಿಹೋಗಿರ್ಬೇಕು.’”

ಇನ್ಸ್‌ಪೆಕ್ಟರಮ್ಮ ಬುಟ್ಟಿಯೊಳಗೆ ಕೈಯಿಟ್ಟರು. ಬೆಚ್ಚಗಿನ ಒಂದು ಮೂತಿ ಬೆರಳಿಗೆ ತಾಗಿತು. ಸತ್ತ ಮರಿಗಳನ್ನು ಚೀಲಕ್ಕೆ ತುಂಬಿ ನಾಲೆಗೆ ಬಿಸಾಡುವುದು ಅರ್ಥವಾಗುವ ಮಾತು. ವಾಸನೆ, ಅಸಹ್ಯ, ನೆರೆಹೊರೆಯ ಬಾಯಿ. ಆದರೆ ಕುಣಿಯುತ್ತಿರುವ, ಚಪ್ಪಲಿ ಕಚ್ಚುತ್ತಿರುವ ಮರಿಯನ್ನು ಹಿಡಿದು ಅದೇ ಚೀಲಕ್ಕೆ ಹಾಕಿ ಹಗ್ಗ ಬಿಗಿಯಬೇಕಾದರೆ? ನೋಟುಬುಕ್ಕು ತೆರೆದು ಓದಿದವರೇ ಆಗಿರಬೇಕು. ಸತ್ತ ಎರಡು ಮರಿಗಳು ವಿಷ ಇದೆ ಅಂತ ಮಾತ್ರ ಹೇಳುತ್ತವೆ. ಯಾರ ಕೈಯಲ್ಲಿ ಅದು ಇಲ್ಲ ಅಂತ ಹೇಳುವುದು ಬದುಕಿದ್ದು.

ಬೆಳಿಗ್ಗೆ ಮತ್ತು ರಾತ್ರಿ ಮಗ. ಮಧ್ಯಾಹ್ನ ಸೊಸೆ. ಐದು ನಿಮಿಷದ ಹಿಂದೆ ಅವನೇ ಬಾಯಾರೆ ಹೇಳಿದ್ದ.

“ಅಂದ್ರೆ ನಿಮಗೆ ಗೊತ್ತಾಯ್ತಲ್ಲಮ್ಮ.”

“ಗೊತ್ತಾಗ್ಲಿಲ್ಲ.”

“ಗೊತ್ತಾಗ್ದೆ ಇನ್ನೇನು? ನಿಮ್ಮ ಪುಸ್ತಕದಲ್ಲೇ ಇದೆ.”

“ಒಂದೇ ಸಲದ ಪ್ರಯೋಗನ ಲ್ಯಾಬಲ್ಲಿ ಯಾರೂ ಒಪ್ಪಲ್ಲ.” ಲ್ಯಾಬಮ್ಮನ ದನಿಯಲ್ಲಿ ಈಗ ಬೇರೇನೋ ಬೆರೆತಿತ್ತು. “ಇನ್ನೊಂದು ಸಲ ಮಾಡ್ಬೇಕು. ಅದಕ್ಕೇ ಅರ್ಜಿ ಹಾಕಿದ್ದು. ಇವಳು ಗಟ್ಟಿ ಮರಿ. ಈ ಸಲ ಇವಳಿಗೆ ಬೆಳಗಿನ ತಟ್ಟೆ ಹಾಕ್ತೀನಿ. ಹನ್ನೊಂದು ದಿನ. ಇವಳಿಗೆ ಏನೂ ಆಗ್ಲಿಲ್ಲ ಅಂದ್ರೆ...”

ಲ್ಯಾಬಮ್ಮ ನೋಟುಬುಕ್ಕಿನ ಖಾಲಿ ಹಾಳೆಯನ್ನು ಅಂಗೈಯಿಂದ ಸವರಿದರು.

“ಅಂದ್ರೆ ನಿಮ್ಮ ಮಗ ಅಲ್ಲ ಅಂತ.”

“ಎಂಟು ವರ್ಷ ಮೇಡಂ. ಎಂಟು ವರ್ಷದಿಂದ ನನ್ನ ಬೆನ್ನು ಒರೆಸ್ತಾನೆ, ಉಗುರು ಕತ್ತರಿಸ್ತಾನೆ. ಒಂದು ದಿನ ಮುಖ ಗಂಟಿಕ್ಕಿಲ್ಲ. ಬೇಜಾರಾಗಿರ್ಬಹುದು, ಯಾರಿಗಾದ್ರೂ ಆಗತ್ತೆ. ಕೊಲ್ಲೋ ಅಷ್ಟಾ? ನೀವೇ ಹೇಳಿ.”

ಇನ್ಸ್‌ಪೆಕ್ಟರಮ್ಮ ನೋಟುಬುಕ್ಕು ಮುಚ್ಚಿದರು.

“ಮರಿ ಬಿಟ್ಟು ಹೋಗಿ,” ಅಂದರು ಲ್ಯಾಬಮ್ಮ. ಬೇಡುವ ದನಿಯಲ್ಲ, ಆದರೆ ಬೇಡುತ್ತಿದ್ದರು. “ಒಂದು ನಾಯಿಮರಿ. ಬೀದೀಲಿ ದಿನಕ್ಕೆ ಹತ್ತು ಸಾಯ್ತಾವೆ.”

“ಇವಳು ಬೀದಿಯವಳಲ್ಲ. ಇವಳಿಗೆ ಮನೆ ಸಿಕ್ಕಿದೆ. ನಾಳೆ ಹತ್ತು ಗಂಟೆಗೆ ಹೋಗ್ತಾಳೆ.” ಮಾತು ಬಾಯಿಂದ ಬಂದ ಮೇಲೆ ಅದರಲ್ಲಿ ಎಷ್ಟು ಸಿಟ್ಟಿತ್ತು ಎಂದು ತಮಗೇ ಕೇಳಿಸಿತು. ಸ್ವಲ್ಪ ತಗ್ಗಿದರು. “ನೋಡಿ, ಮರಿ ಬೇಕಾಗಿಲ್ಲ. ಇವತ್ತು ಬೆಳಗಿನ ತಟ್ಟೇಲಿ ಏನಾದ್ರೂ ಉಳಿಸಿದ್ದೀರಾ?”

ಲ್ಯಾಬಮ್ಮ ಕುರ್ಚಿಯ ಹಿಂದಿನಿಂದ ಮುಚ್ಚಳದ ಡಬ್ಬಿ ಎಳೆದರು. ಹಾಲಿನಲ್ಲಿ ನೆನೆದ ಬ್ರೆಡ್ಡು, ಮುಟ್ಟದೆ ಹಾಗೇ ಇತ್ತು. “ಒಂಬತ್ತು ದಿನದಿಂದ ಬೆಳಗಿನದೂ ತಿಂದಿಲ್ಲ, ರಾತ್ರೀದೂ ತಿಂದಿಲ್ಲ. ಅವನು ಆ ಕಡೆ ಹೋದ ತಕ್ಷಣ ಡಬ್ಬಿಗೆ. ಮಧ್ಯಾಹ್ನದ್ದೊಂದೇ ನಾನು ನಂಬೋ ಊಟ. ಮಿಕ್ಕಿದ್ದು ಬಿಸ್ಕತ್ತು.”

“ಇದನ್ನ ನಾನು ಪರೀಕ್ಷೆಗೆ ಕೊಡ್ತೀನಿ. ನೀವು ಈಗಲೇ ನನ್ನ ಜೊತೆ ಆಸ್ಪತ್ರೆಗೆ ಹೊರಡಿ. ನಿಮ್ಮ ಕುರ್ಚಿ ನಾನು ತಳ್ತೀನಿ.”

“ವರದಿ ಬರ್ಲಿ, ಬರ್ತೀನಿ. ಅವನು ಅಲ್ಲ ಅಂತ ಗೊತ್ತಾಗೋ ತನಕ ಈ ಮನೆ ಬಿಡಲ್ಲ. ಈಗ ನಾನು ಹೊರಟ್ರೆ, ಅವನೇ ಅಂತ ಒಪ್ಕೊಂಡ ಹಾಗೆ.”

ಬಾಗಿಲು ತಟ್ಟಿದ ಸದ್ದು.

“ಅತ್ತೆ, ಒಂದು ಗಂಟೆ ಆಯ್ತು. ಊಟ.”

ಇನ್ಸ್‌ಪೆಕ್ಟರಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಚಿಲಕ ತೆಗೆದರು. ಸೊಸೆ ತಟ್ಟೆ ಹಿಡಿದು ಒಳಗೆ ಬಂದಳು. ತರಕಾರಿ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಹಬೆ ಏಳುತ್ತಿತ್ತು. ಕುರ್ಚಿಯ ತೋಳಿಗೆ ಅಡ್ಡ ಹಲಗೆ ಇಟ್ಟು, ತಟ್ಟೆ ಇಟ್ಟು, ಅತ್ತೆಯ ಕೊರಳಿಗೆ ಕರವಸ್ತ್ರ ಸಿಕ್ಕಿಸಿದಳು. ರೂಢಿಯ ಕೈ.

“ಬಿಸಿ ಇದೆ ಅತ್ತೆ, ನಿಧಾನ.”

ತಡೆಯಬೇಕೇ ಎಂದು ಒಂದು ಕ್ಷಣ ಇನ್ಸ್‌ಪೆಕ್ಟರಮ್ಮನಿಗೆ ಅನ್ನಿಸಿತು. ಆದರೆ ಯಾವ ಕಾರಣಕ್ಕೆ? ಹನ್ನೆರಡು ದಿನ ಇದೇ ತಟ್ಟೆಯಿಂದ ತಿಂದ ಮರಿ ಕೈಯಲ್ಲೇ ಬದುಕಿ ಕೂತಿದೆ. ಒಂಬತ್ತು ದಿನ ಇದನ್ನೇ ತಿಂದು ಮುದುಕಿ ಎದುರಿಗೆ ಕೂತು ಮಾತಾಡಿದ್ದಾರೆ. ಈ ಮನೆಯಲ್ಲಿ ನಂಬಬಹುದಾದ ತಟ್ಟೆ ಅಂತ ಇದ್ದರೆ ಇದೊಂದೇ.

ಅವರು ಸುಮ್ಮನಿದ್ದರು. ಆಮೇಲೆ ಎಷ್ಟು ಸಲ ಆ ಗಳಿಗೆಯನ್ನು ನೆನೆದು ಕೈ ಕೈ ಹಿಸುಕಿಕೊಂಡರೋ.

ಲ್ಯಾಬಮ್ಮ ಒಂದು ಚಮಚ ತಿಂದರು. ಎರಡು. ಹಸಿದಿದ್ದರು, ಚಮಚ ಬೇಗ ಬೇಗ ಏಳುತ್ತಿತ್ತು. ಐದು, ಆರು.

“ಫಾರಂ ತುಂಬಿದ್ದಾಯ್ತಾ ಮೇಡಂ?” ಕೇಳಿದಳು ಸೊಸೆ. ಮರಿಯ ಕಡೆ ಮಾತ್ರ ನೋಡಲಿಲ್ಲ.

“ಆಯ್ತು. ಕೊನೇದಾಗಿ ಒಂದು ಪ್ರಶ್ನೆ ಉಳಿದಿದೆ. ಅದು ನಿಮ್ಮ ಯಜಮಾನರಿಗೆ.”

ಹಾಗೆಂದು ತಿರುಗಿದರೆ ಯಜಮಾನ ಬಾಗಿಲಲ್ಲೇ ಇದ್ದ. ಯಾವಾಗ ಬಂದನೋ ಗೊತ್ತಿಲ್ಲ. ಅವನ ಕಣ್ಣು ತಾಯಿಯ ತಟ್ಟೆಯ ಮೇಲಿತ್ತು, ಅರ್ಧ ಖಾಲಿಯಾದ ತಟ್ಟೆಯ ಮೇಲೆ. ಮುಖದ ರಕ್ತವೆಲ್ಲ ಯಾರೋ ಹೀರಿಕೊಂಡಂತಿತ್ತು. ಲ್ಯಾಬಮ್ಮ ಇನ್ನೊಂದು ಚಮಚ ಬಾಯಿಯ ಹತ್ತಿರ ಒಯ್ದರು.

“ಅಮ್ಮಾ, ತಿನ್ನಬೇಡ! ಉಗುಳು, ಉಗುಳಮ್ಮ!”

ಅವನು ಒಂದೇ ನೆಗೆತಕ್ಕೆ ಬಂದು ತಟ್ಟೆಗೆ ಕೈ ಬೀಸಿದ. ಹಲಗೆ ಮಗುಚಿತು. ಅನ್ನ ಗೋಡೆಗೆ, ನೆಲಕ್ಕೆ, ತಾಯಿಯ ಮಡಿಲಿಗೆ ಚೆಲ್ಲಿತು. ಬುಟ್ಟಿ ಉರುಳಿ ಚೂರು ಹೊರಗೆ ಬಿತ್ತು. ಬಿದ್ದದ್ದೇ ತಡ, ನಡುಕವೆಲ್ಲ ಮರೆತು ಅನ್ನದ ವಾಸನೆಯ ಕಡೆ ನುಗ್ಗಿತು.

ಇನ್ಸ್‌ಪೆಕ್ಟರಮ್ಮನ ಒಂದು ಕೈ ಲ್ಯಾಬಮ್ಮನ ಗದ್ದದಲ್ಲಿತ್ತು, ಇನ್ನೊಂದು ಬೆನ್ನಿನಲ್ಲಿ. “ಉಗುಳಿ! ಬಾಯಲ್ಲಿ ಬೆರಳು ಹಾಕಿ, ಕಕ್ಕಿ!” ಮುದುಕಿ ಉಗುಳಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದರು, ಬಾಯೊಳಗಿನ ತುತ್ತು ಬಾಯೊಳಗೇ.

ಮರಿ ಅನ್ನಕ್ಕೆ ಬಾಯಿ ಹಾಕುವುದಕ್ಕೂ ಸೊಸೆ ಬಗ್ಗಿ ಅದರ ಕತ್ತಿನ ಚರ್ಮ ಹಿಡಿದು ಮೇಲೆತ್ತುವುದಕ್ಕೂ ಸರಿಹೋಯಿತು. ಅದು ಕಿರುಚಿ ಒದ್ದಾಡಿತು. ಅವಳು ಎದೆಗೆ ಒತ್ತಿ ಹಿಡಿದಳು.

ಕನ್ನಡಕದವನು ನೆಲದಲ್ಲಿ ಮೊಣಕಾಲೂರಿ, ಎರಡೂ ಅಂಗೈಯಿಂದ ಅನ್ನವನ್ನು ಒಟ್ಟುಗೂಡಿಸುತ್ತಾ, “ಎಷ್ಟು ತಿಂದೆ ಅಮ್ಮ? ಎಷ್ಟು ಚಮಚ?” ಎಂದು ಒಂದೇ ಸಮನೆ ಕೇಳುತ್ತಿದ್ದ.

ಸೊಸೆ ಅತ್ತೆಯ ಕಡೆ ನೋಡಲಿಲ್ಲ, ಇನ್ಸ್‌ಪೆಕ್ಟರಮ್ಮನ ಕಡೆಯೂ ನೋಡಲಿಲ್ಲ. ಮರಿಯನ್ನು ಬಿಗಿಹಿಡಿದ ಹಾಗೇ, ಗಂಡನ ಬಗ್ಗಿದ ತಲೆಯನ್ನು ನೋಡುತ್ತಾ, ಬಹಳ ಮೆಲ್ಲಗೆ ಕೇಳಿದಳು.

“ರೀ... ಈ ಅನ್ನದಲ್ಲಿ ವಿಷ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”